ಕುರ್‌ಆನ್ ಹೇಳುವ ಹೃದಯದ ಬಗ್ಗೆ ಸಂಶೋಧನೆ ಮಾಡೋದು ಹೇಗೆ?

ಕುರ್‌ಆನ್‌ನಲ್ಲಿ ತಿಳಿಯುವ ಕೆಲಸ ಮಾಡುವುದು ಹೃದಯ. 22ನೇ ಅಧ್ಯಾಯದ 46ನೇ ಆಯತ್ (ವಚನ) ತೆಗೆದು ನೋಡಿ. ಜನ ಭೂಮಿಯಲ್ಲಿ ಓಡಾಡಿಲ್ಲವೇ, ಓಡಾಡಿದ್ದರೆ ಅರ್ಥ ಮಾಡಿಕೊಳ್ಳುವ ಹೃದಯಗಳು ಅವರಿಗೆ ಇರುತ್ತಿದ್ದವಲ್ಲ ಎಂದು ಕೇಳಿ, ಕಣ್ಣುಗಳು ಕುರುಡಾಗುವುದಿಲ್ಲ, ಎದೆಯೊಳಗಿನ ಹೃದಯಗಳು ಕುರುಡಾಗುತ್ತವೆ ಎಂದು ಅದು ಮುಗಿಸುತ್ತದೆ. ಈ ಮಾತನ್ನು ಗಂಭೀರವಾಗಿ ತಗೊಂಡು ಸಂಶೋಧನೆಗೆ ಕೂತವರಿಗೆ ಮೊದಲ ದಿನವೇ ಒಂದು ತೊಡಕು. ಅಧ್ಯಯನದ ವಿಷಯ ಹೃದಯ, ಅಧ್ಯಯನ ಮಾಡಬೇಕಾದ್ದೂ ಹೃದಯದಿಂದಲೇ. ಹಾಗಾಗಿ ಇಲ್ಲಿ ಎರಡು ಕೆಲಸ ಒಟ್ಟೊಟ್ಟಿಗೆ ನಡೆಯಬೇಕು. ಒಂದು, ಆಯತ್‌ಗಳನ್ನು ಶಿಸ್ತಿನಿಂದ ಓದುವುದು. ಇನ್ನೊಂದು, ಓದುತ್ತಿರುವವರು ತಮ್ಮ ಮೇಲೂ ಒಂದು ಕಣ್ಣಿಡುವುದು. ಮೊದಲನೆಯದನ್ನು ಮಾತ್ರ ಮಾಡಿದರೆ ಒಣ ಪದಪಟ್ಟಿ ಸಿಗುತ್ತದೆ. ಎರಡನೆಯದನ್ನು ಮಾತ್ರ ಮಾಡಿದರೆ ಶುಕ್ರವಾರದ ಪ್ರವಚನ ಆಗುತ್ತದೆ. ಪ್ರವಚನ ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ಪ್ರಬಂಧ ಅಂತ ಹೆಸರಿಡಬಾರದು ಅಷ್ಟೇ.

ಎಂಎ ಪ್ರಬಂಧ ಬರೆಯುವವರು, ಅರಬಿಕ್ ಕಾಲೇಜಿನಲ್ಲಿ ಓದುವವರು, ಸುಮ್ನೆ ಕುತೂಹಲಕ್ಕೆ ಕುರ್‌ಆನ್ ಓದುವ ಮುಸ್ಲಿಮೇತರರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅರಬಿ ಪೂರ್ತಿ ಬರಬೇಕು ಅಂತಿಲ್ಲ. ಅಕ್ಷರ ಗುರುತಿಸೋಕೆ ಬಂದರೆ ಒಳ್ಳೇದು, ಜೊತೆಗೆ ಅರಬಿ ಬಲ್ಲ ಒಬ್ಬರು ಉಸ್ತಾದರು ಫೋನಿಗೆ ಸಿಗುವಂತಿದ್ದರೆ ಇನ್ನೂ ಒಳ್ಳೇದು. ಹೆಸರುಗಳ ಪಕ್ಕ ಬರುವ (ಅ), (ಸ), (ರ) ಗೌರವದ ಗುರುತುಗಳು.

ಮೊದಲು ಪ್ರಶ್ನೆ ಸಣ್ಣದು ಮಾಡಿಕೊಳ್ಳಿ

"ಕುರ್‌ಆನ್‌ನಲ್ಲಿ ಹೃದಯದ ಪರಿಕಲ್ಪನೆ" ಅಂತ ಶೀರ್ಷಿಕೆ ಬರೆದುಕೊಂಡು ಕೂತರೆ ಆರು ತಿಂಗಳಾದ ಮೇಲೂ ಅಲ್ಲೇ ಇರುತ್ತೀರಿ. ಅದು ಒಂದು ಜೀವಮಾನದ ವಿಷಯ. ಬದಲಿಗೆ ಹೀಗೆ ಕೇಳಿ: "ಹೃದಯ ಗಟ್ಟಿಯಾಗುವುದು" ಎಂಬ ಮಾತು ಎಲ್ಲೆಲ್ಲಿ ಬರುತ್ತದೆ, ಯಾರ ಬಗ್ಗೆ, ಏನಾದ ಮೇಲೆ? ಅಥವಾ, ಹೃದಯಕ್ಕೆ ನೆಮ್ಮದಿ ಸಿಗುವುದು ಎಂಬ ಮಾತು 13ನೇ ಅಧ್ಯಾಯದ 28ರಲ್ಲಿ ಅಲ್ಲಾಹನ ಸ್ಮರಣೆಯ ಜೊತೆ ಬರುತ್ತದೆ. 2ನೇ ಅಧ್ಯಾಯದ 260ರಲ್ಲಿ ಇಬ್ರಾಹೀಮರು(ಅ) ಸತ್ತವರನ್ನು ಹೇಗೆ ಎಬ್ಬಿಸುತ್ತೀ, ತೋರಿಸು ಎಂದು ಕೇಳಿದಾಗಲೂ ಅದೇ ನೆಮ್ಮದಿ ಬರುತ್ತದೆ. "ನಿನಗೆ ನಂಬಿಕೆ ಇಲ್ಲವೇ?" ಎಂದರೆ "ಇದೆ, ಆದರೆ ನನ್ನ ಹೃದಯಕ್ಕೆ ನೆಮ್ಮದಿ ಆಗಲಿ ಅಂತ" ಎಂದು ಅವರು ಉತ್ತರಿಸುತ್ತಾರೆ. ಒಂದು ಕಡೆ ಸ್ಮರಣೆಯಿಂದ ನೆಮ್ಮದಿ, ಇನ್ನೊಂದು ಕಡೆ ಕಣ್ಣಾರೆ ಕಂಡು ನೆಮ್ಮದಿ. ಎರಡೂ ಒಂದೇನಾ? ಇಷ್ಟು ಸಣ್ಣ ಪ್ರಶ್ನೆಯಲ್ಲೇ ಒಂದು ಒಳ್ಳೆಯ ಪ್ರಬಂಧ ಇದೆ. ಪ್ರಶ್ನೆ ಕೇಳುವುದೇ ಈಮಾನಿಗೆ, ಅಂದರೆ ನಂಬಿಕೆಗೆ, ವಿರುದ್ಧ ಅಂತ ಅಂದುಕೊಂಡವರು ಈ ಆಯತನ್ನು ಇನ್ನೊಮ್ಮೆ ಓದಬೇಕು.

ಪದಗಳನ್ನು ಕಲೆಹಾಕುವುದು

ಒಂದು ವಿಷಯದ ಮೇಲಿನ ಎಲ್ಲ ಆಯತ್‌ಗಳನ್ನೂ ಒಟ್ಟಿಗೆ ತಂದು ಓದುವ ವಿಧಾನಕ್ಕೆ ತಫ್ಸೀರ್ ಮೌಝೂಈ ಅನ್ನುತ್ತಾರೆ, ಅಂದರೆ ವಿಷಯವಾರು ವ್ಯಾಖ್ಯಾನ. ಇಲ್ಲಿ ಒಂದೇ ಪದ ಹಿಡಿದರೆ ಸಾಲದು. ಕುರ್‌ಆನ್ ಒಳಗಿನ ಮನುಷ್ಯನ ಬಗ್ಗೆ ಮಾತಾಡುವಾಗ ಹಲವು ಪದ ಬಳಸುತ್ತದೆ. ಖಲ್ಬ್ ಮುಖ್ಯವಾದದ್ದು, ಬಹುವಚನ ಖುಲೂಬ್. ಎಲ್ಲ ಸೇರಿ 132 ಸಲ ಬರುತ್ತದೆ. ಫುಆದ್ ಮತ್ತು ಅದರ ಬಹುವಚನ ಅಫ್‌ಇದಾ 16 ಸಲ. ಎದೆ ಎಂಬ ಅರ್ಥದ ಸದ್ರ್ 44 ಸಲ. ತಿರುಳು ಎಂಬ ಅರ್ಥದ ಲುಬ್ಬ್ ಬಹುವಚನದಲ್ಲಿ ಮಾತ್ರ, "ಉಲುಲ್ ಅಲ್ಬಾಬ್" ಎಂದು 16 ಸಲ. ಇನ್ನು ಅಕ್ಲ್, ಅಂದರೆ ಬುದ್ಧಿ. ಇದು ನಾಮಪದವಾಗಿ ಕುರ್‌ಆನ್‌ನಲ್ಲಿ ಒಮ್ಮೆಯೂ ಬರುವುದಿಲ್ಲ, ಕ್ರಿಯಾಪದವಾಗಿಯೇ 49 ಸಲ ಬರುತ್ತದೆ. ಬುದ್ಧಿ ಅಂತ ಒಂದು ವಸ್ತು ಇದೆ ಎನ್ನುವುದಕ್ಕಿಂತ ಬುದ್ಧಿ ಓಡಿಸುವುದು ಅಂತ ಒಂದು ಕೆಲಸ ಇದೆ, ಆ ಕೆಲಸವನ್ನು 22:46ರಲ್ಲಿ ಮಾಡುವುದು ಹೃದಯ. ಹೃದಯ ಬೇರೆ, ಬುದ್ಧಿ ಬೇರೆ ಅಂತ ಎರಡು ಪಾಲು ಮಾಡಿಕೊಂಡು ಬಂದವರು ಈ ಲೆಕ್ಕ ನೋಡಿದ ಮೇಲೆ ಸ್ವಲ್ಪ ತಡವರಿಸುತ್ತಾರೆ. ತಡವರಿಸಬೇಕು ಕೂಡ.

ಈ ಲೆಕ್ಕಗಳನ್ನು ನನ್ನ ಮಾತು ನಂಬಿ ಬರೆದುಕೊಳ್ಳಬೇಡಿ, ನೀವೇ ಎಣಿಸಿ. ಮುಹಮ್ಮದ್ ಫುಆದ್ ಅಬ್ದುಲ್ ಬಾಖಿ ಅವರು ಮಾಡಿದ ಅರಬಿ ಪದಸೂಚಿ, ಅಲ್ ಮುಅಜಮುಲ್ ಮುಫಹ್ರಸ್, ಹೆಚ್ಚಿನ ಅರಬಿಕ್ ಕಾಲೇಜುಗಳ ಕಪಾಟಿನಲ್ಲಿ ಇರುತ್ತದೆ. ಮೊಬೈಲ್ ಸಾಕು ಅನ್ನುವವರಿಗೆ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಕುರಾನಿಕ್ ಅರೇಬಿಕ್ ಕಾರ್ಪಸ್ ಇದೆ, ಉಚಿತ. ಅದರಲ್ಲಿ ಪ್ರತಿ ಪದದ ಧಾತು, ವ್ಯಾಕರಣ ಎಲ್ಲ ಬಿಡಿಸಿ ಇಟ್ಟಿದ್ದಾರೆ. ಧಾತು ಹಾಕಿ ಹುಡುಕಿ, ಅನುವಾದದ ಪದ ಹಾಕಿ ಹುಡುಕಬೇಡಿ. ಯಾಕೆಂದರೆ ಒಬ್ಬ ಅನುವಾದಕರು ಖಲ್ಬ್‌ಗೂ ಫುಆದ್‌ಗೂ ಹೃದಯ ಅಂತಲೇ ಹಾಕಿರುತ್ತಾರೆ, ಇನ್ನೊಬ್ಬರು ಒಂದು ಕಡೆ ಮನಸ್ಸು, ಇನ್ನೊಂದು ಕಡೆ ಹೃದಯ ಅಂತ ಹಾಕಿರುತ್ತಾರೆ. ಓದೋಕೆ ಎರಡೂ ಚೆನ್ನಾಗಿಯೇ ಇರುತ್ತವೆ, ಎಣಿಕೆಗೆ ಬರುವುದಿಲ್ಲ. ಹುಡುಕುವಾಗ ಕಾಗುಣಿತದ ಒಂದು ಅಪಾಯವೂ ಇದೆ. ಅರಬಿಯಲ್ಲಿ ಎರಡು 'ಕ' ಇವೆ. ಗಂಟಲಿನ ಆಳದಿಂದ ಬರುವ ಖಾಫ್ ಹಾಕಿದರೆ ಹೃದಯ. ನಮ್ಮ ಸಾದಾ 'ಕ' ಹಾಕಿದರೆ ಅದು ನಾಯಿ! ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹುಡುಕುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು.

ಈಗ ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಆಯತ್ ಸಂಖ್ಯೆ, ಯಾವ ಪದ, ಅದರ ಜೊತೆ ಬಂದ ಕ್ರಿಯಾಪದ, ಯಾರ ಹೃದಯ, ಮಕ್ಕಾದ ಕಾಲದ್ದೋ ಮದೀನಾದ ಕಾಲದ್ದೋ (ಪ್ರವಾದಿಯವರು(ಸ) ಮದೀನಾಕ್ಕೆ ಹೋಗುವ ಮೊದಲಿನದ್ದೋ ಆಮೇಲಿನದ್ದೋ), ಮುಂದಿನ ಹಿಂದಿನ ಮಾತು ಏನು. ಇಷ್ಟು ಕಾಲಂ ಸಾಕು. ಕ್ರಿಯಾಪದದ ಕಾಲಂ ಬಿಟ್ಟುಬಿಡಬೇಡಿ, ನಿಜವಾದ ಹೂರಣ ಅಲ್ಲೇ ಇರೋದು. ಹೃದಯಕ್ಕೆ ಮುದ್ರೆ ಬೀಳುತ್ತದೆ (2:7), ತುಕ್ಕು ಹಿಡಿಯುತ್ತದೆ (83:14), ಬೀಗ ಬೀಳುತ್ತದೆ (47:24), ಕಲ್ಲಿನಂತೆ ಗಟ್ಟಿಯಾಗುತ್ತದೆ (2:74), ಓರೆಯಾಗುತ್ತದೆ (3:7). ಜಪಾನಿನ ವಿದ್ವಾಂಸ ತೋಶಿಹಿಕೊ ಇಝುತ್ಸು 1960ರ ದಶಕದಲ್ಲಿ ಇದೇ ರೀತಿ ಕೆಲಸ ಮಾಡಿ ತೋರಿಸಿದರು. ಒಂದು ಪದ ಯಾವ ಪದಗಳ ನೆರೆಹೊರೆಯಲ್ಲಿ ಬದುಕುತ್ತದೆ, ಯಾವುದಕ್ಕೆ ಎದುರಾಗಿ ನಿಲ್ಲುತ್ತದೆ ಎಂದು ನೋಡಿ ಅದರ ಅರ್ಥ ಹಿಡಿಯುವುದು. ಅವರು ಮುಸ್ಲಿಮರಲ್ಲ. ಆದರೂ ಅವರ ಪುಸ್ತಕಗಳನ್ನು ಮುಸ್ಲಿಂ ವಿಶ್ವವಿದ್ಯಾಲಯಗಳಲ್ಲಿ ಇವತ್ತಿಗೂ ಪಾಠ ಮಾಡುತ್ತಾರೆ.

ನಿಘಂಟಿನ ವಿಷಯ ಬೇಗ ಮುಗಿಸುತ್ತೇನೆ. ರಾಗಿಬ್ ಅಲ್ ಇಸ್ಫಹಾನಿಯವರ ಮುಫ್ರದಾತ್ ನೋಡಿ, ಅದು ಕುರ್‌ಆನ್ ಪದಗಳಿಗೆ ಎಂದೇ ಬರೆದದ್ದು. ಖಲ್ಬ್ ಎಂಬ ಪದಕ್ಕೂ ತಿರುಗು, ಮಗುಚು ಎಂಬ ಅರ್ಥದ ಧಾತುವಿಗೂ ಇರುವ ಸಂಬಂಧ ಎಲ್ಲ ಕಡೆ ಸಿಗುತ್ತದೆ. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಬರೀ ಧಾತುವಿನ ಮೇಲೆ ಸಿದ್ಧಾಂತ ಕಟ್ಟಿದ ಪ್ರಬಂಧಗಳು ಈಗಾಗಲೇ ಬೇಕಾದಷ್ಟಿವೆ.

ಒಂದೇ ಆಯತ್ ಹಿಡಿದು ಕೂರುವುದು

ಪಟ್ಟಿ ಆದ ಮೇಲೆ ಓಡಬೇಡಿ. ಒಂದು ಆಯತ್ ಆರಿಸಿಕೊಂಡು ಒಂದು ವಾರ ಅದರ ಜೊತೆ ಇರಿ. ನಾನು ಯಾರಿಗಾದರೂ ಸಲಹೆ ಕೊಡುವುದಾದರೆ 28ನೇ ಅಧ್ಯಾಯದ 10ನೇ ಆಯತ್. ಮೂಸಾರ(ಅ) ತಾಯಿ ಹಸುಗೂಸನ್ನು ನದಿಗೆ ಬಿಟ್ಟಿದ್ದಾರೆ, ಈಜಿಪ್ಟಿನ ದೊರೆ ಫಿರ್‌ಔನನ ಮನೆಯವರು ಮಗುವನ್ನು ಎತ್ತಿಕೊಂಡಿದ್ದಾರೆ. ಬೆಳಗಾಗುವಷ್ಟರಲ್ಲಿ ಆ ತಾಯಿಯ ಫುಆದ್ ಬರಿದಾಯಿತು. ನಾವು ಅವಳ ಖಲ್ಬನ್ನು ಬಿಗಿದು ಕಟ್ಟಿರದಿದ್ದರೆ ಅವಳು ಗುಟ್ಟು ಬಿಟ್ಟುಕೊಟ್ಟೇ ಬಿಡುತ್ತಿದ್ದಳು, ಅವಳು ವಿಶ್ವಾಸಿಗಳಲ್ಲಿ ಒಬ್ಬಳಾಗಿರಲೆಂದು ಹಾಗೆ ಮಾಡಿದೆವು ಎನ್ನುತ್ತದೆ ಆಯತ್.

ಒಂದೇ ಆಯತ್, ಒಬ್ಬಳೇ ತಾಯಿ, ಎರಡು ಪದ. ಬರಿದಾಗಿದ್ದು ಫುಆದ್, ಕಟ್ಟಿ ನಿಲ್ಲಿಸಿದ್ದು ಖಲ್ಬ್. ಎರಡೂ ಪದಕ್ಕೆ ಅರ್ಥ ಒಂದೇ, ಶೈಲಿಗಾಗಿ ಬದಲಾಯಿಸಿದ್ದು ಎನ್ನಬಹುದು. ಅಥವಾ ಫುಆದ್ ಎಂದರೆ ಉರಿಯುವ, ಭಾವದ ಬಿಸಿಗೆ ಸಿಕ್ಕ ಹೃದಯ, ಖಲ್ಬ್ ಎಂದರೆ ನಿಲುವು ತೆಗೆದುಕೊಳ್ಳುವ ಹೃದಯ ಎನ್ನಬಹುದು. ಯಾವುದನ್ನೇ ಹೇಳಿ, ಉಳಿದ 15 ಫುಆದ್‌ಗಳಲ್ಲಿ ಅದು ನಿಲ್ಲುತ್ತದಾ ಅಂತ ನೋಡಬೇಕು. ಉದಾಹರಣೆಗೆ 53:11ರಲ್ಲಿ "ಕಂಡದ್ದರ ಬಗ್ಗೆ ಫುಆದ್ ಸುಳ್ಳು ಹೇಳಲಿಲ್ಲ" ಎಂದಿದೆ. ಅಲ್ಲಿ ಫುಆದ್ ನೋಡುವ, ಸಾಕ್ಷಿ ಹೇಳುವ ಅಂಗ. 16:78ರಲ್ಲಿ ಏನೂ ತಿಳಿಯದ ಸ್ಥಿತಿಯಲ್ಲಿ ತಾಯಂದಿರ ಹೊಟ್ಟೆಯಿಂದ ಹೊರಬಂದ ಮನುಷ್ಯರಿಗೆ ಕಿವಿ, ಕಣ್ಣು, ಅಫ್‌ಇದಾ ಕೊಟ್ಟ ಮಾತು ಬರುತ್ತದೆ. ಅಲ್ಲಿ ಅದು ಕಲಿಯುವ ಅಂಗ. ಭಾವದ ಹೃದಯ ಎಂಬ ವಿವರಣೆ ಅಲ್ಲಿಗೆ ಬಂದಾಗ ಅಲುಗಾಡುತ್ತದೆ. ಅಲುಗಾಡಿದ್ದನ್ನು ಮುಚ್ಚಿಡದೆ ಬರೆಯಿರಿ.

ಇನ್ನು "ಬರಿದಾಯಿತು" ಅಂದರೆ ಯಾವುದರಿಂದ ಬರಿದು? ಈಗ ತಫ್ಸೀರ್ ತೆರೆಯುವ ಹೊತ್ತು. 923ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ತಬರಿ ಅವರನ್ನು ಮೊದಲು ನೋಡಿ, ಯಾಕೆಂದರೆ ಅವರು ತಮಗಿಂತ ಹಿಂದಿನವರ ಅಭಿಪ್ರಾಯಗಳನ್ನು ಒಂದೊಂದಾಗಿ, ಯಾರಿಂದ ಯಾರಿಗೆ ಬಂತು ಎಂಬ ಸರಪಳಿ ಸಮೇತ ಕೊಟ್ಟು, ಆಮೇಲೆ ತಮ್ಮ ತೀರ್ಮಾನ ಹೇಳುತ್ತಾರೆ. ಈ ಆಯತಿಗೆ ಒಂದು ಅಭಿಪ್ರಾಯ, ಮೂಸಾರ(ಅ) ಯೋಚನೆ ಬಿಟ್ಟು ಉಳಿದೆಲ್ಲದರಿಂದ ಬರಿದಾಯಿತು ಎಂದು. ಇನ್ನೊಂದು, ಮಗುವಿನ ಬಗ್ಗೆ ಅಲ್ಲಾಹ ಅವಳಿಗೆ ಕೊಟ್ಟಿದ್ದ ಸಂದೇಶದ ನೆನಪಿನಿಂದ ಬರಿದಾಯಿತು ಎಂದು. ತಬರಿ ಮೊದಲನೆಯದನ್ನು ಒಪ್ಪುತ್ತಾರೆ. ಕಾರಣ ಏನು ಗೊತ್ತಾ? ಆ ಸಂದೇಶದ ನೆನಪೇ ಇರಲಿಲ್ಲ ಅಂದರೆ "ಗುಟ್ಟು ಬಿಟ್ಟುಕೊಟ್ಟೇ ಬಿಡುತ್ತಿದ್ದಳು" ಎಂಬ ಮುಂದಿನ ಮಾತಿಗೆ ಅರ್ಥವೇ ಇರುವುದಿಲ್ಲ. ಸಾವಿರ ವರ್ಷದ ಹಿಂದಿನ ಈ ತರ್ಕ ಇವತ್ತಿನ ಯಾವ ವೈವಾದಲ್ಲೂ ಪಾಸಾಗುತ್ತದೆ. ತಫ್ಸೀರ್ ಅಂದರೆ ಯಾರೋ ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪುವುದು ಎಂದುಕೊಂಡವರಿಗೆ ಈ ಒಂದು ಪುಟ ತೋರಿಸಿ. ಒಂದು ಹೊಸದು, ಒಂದು ಹಳೆಯದು ಅಂತ ಎರಡು ಮೂರು ತಫ್ಸೀರ್ ಸಾಕು. ಹತ್ತು ತಫ್ಸೀರಿನಿಂದ ಒಂದೇ ಮಾತನ್ನು ಹತ್ತು ಸಲ ಕಾಪಿ ಮಾಡುವುದು ಪುಟ ತುಂಬಿಸೋಕೆ ಮಾತ್ರ ಉಪಯೋಗ.

ಒಂದೇ ಮಾತು, ಎರಡು ರೋಗ

"ಹೃದಯದಲ್ಲಿ ರೋಗ" ಎಂಬ ಮಾತು 12 ಆಯತ್‌ಗಳಲ್ಲಿ ಬರುತ್ತದೆ. ಹೆಚ್ಚಿನವು ಮದೀನಾದ ಕಪಟವಿಶ್ವಾಸಿಗಳ, ಅಂದರೆ ಮುನಾಫಿಕರ ಸಂದರ್ಭದವು. ಅದಕ್ಕೇ ಹೆಚ್ಚಿನವರು ರೋಗ ಅಂದರೆ ಕಪಟ ಎಂದು ಬರೆದು ಮುಗಿಸುತ್ತಾರೆ. ಆದರೆ 33ನೇ ಅಧ್ಯಾಯ ಒಂದನ್ನೇ ಬಿಡಿಸಿ ನೋಡಿ. 12ನೇ ಆಯತಿನಲ್ಲಿ ಸಂದರ್ಭ 627ರ ಕಂದಕ ಯುದ್ಧ. ಮದೀನಾಕ್ಕೆ ಮುತ್ತಿಗೆ ಬಿದ್ದಿದೆ, ಮುನಾಫಿಕರೂ ಹೃದಯದಲ್ಲಿ ರೋಗ ಇರುವವರೂ ಅಲ್ಲಾಹನ ವಾಗ್ದಾನ ಬರೀ ಮೋಸ ಎನ್ನುತ್ತಿದ್ದಾರೆ. ಇಲ್ಲಿ ರೋಗ ಅಂದರೆ ಸಂಶಯ. ಅದೇ ಅಧ್ಯಾಯದ 32ರಲ್ಲಿ ಪ್ರವಾದಿಯವರ(ಸ) ಪತ್ನಿಯರಿಗೆ, ಮಾತಿನಲ್ಲಿ ನಯ ತೋರಬೇಡಿ, ಹೃದಯದಲ್ಲಿ ರೋಗ ಇರುವವನು ಆಸೆಪಟ್ಟಾನು ಎಂದು ಹೇಳಲಾಗಿದೆ. ಇಲ್ಲಿ ರೋಗ ಅಂದರೆ ಕಾಮ. ಇಪ್ಪತ್ತು ಆಯತ್‌ಗಳ ಅಂತರದಲ್ಲಿ ಒಂದೇ ಮಾತಿಗೆ ಎರಡು ಅರ್ಥ. ಇಬ್ನುಲ್ ಖಯ್ಯಿಮ್ (1292–1350) ಮುಂತಾದವರು ಹೃದಯದ ರೋಗಗಳನ್ನು ಸಂಶಯದ ರೋಗ, ಬಯಕೆಯ ರೋಗ ಎಂದು ಎರಡು ಮಾಡಿದ್ದು ಈ ಆಯತ್‌ಗಳನ್ನು ಎದುರುಬದುರು ಇಟ್ಟು. 12ನೇ ಆಯತಿನಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತಾ? ಮುನಾಫಿಕರು "ಮತ್ತು" ಹೃದಯದಲ್ಲಿ ರೋಗ ಇರುವವರು ಎಂದಿದೆ. ಇಬ್ಬರೂ ಒಂದೇ ಆಗಿದ್ದರೆ ನಡುವೆ "ಮತ್ತು" ಯಾಕೆ? ಹಿಂದಿನ ವ್ಯಾಖ್ಯಾನಕಾರರಲ್ಲೂ ಇದರ ಮೇಲೆ ಒಮ್ಮತ ಇಲ್ಲ. ಎಕ್ಸೆಲ್ ಹಾಳೆ ಮಾಡಿದವರಿಗೆ ಇಂಥವು ತಾವಾಗಿಯೇ ಕಾಣುತ್ತವೆ, ಗೂಗಲ್ ಮಾಡಿದವರಿಗೆ ಕಾಣುವುದಿಲ್ಲ.

ಹದೀಸ್ ತರುವಾಗ ಹುಷಾರು

ಹೃದಯದ ವಿಷಯದಲ್ಲಿ ಎಲ್ಲರ ಬಾಯಲ್ಲೂ ಇರುವ ಹದೀಸ್, ಅಂದರೆ ಪ್ರವಾದಿಯವರ(ಸ) ಮಾತಿನ ವರದಿ, ಒಂದಿದೆ. ದೇಹದಲ್ಲಿ ಒಂದು ಮಾಂಸದ ತುಂಡಿದೆ, ಅದು ಸರಿ ಇದ್ದರೆ ಇಡೀ ದೇಹ ಸರಿ, ಅದು ಕೆಟ್ಟರೆ ಇಡೀ ದೇಹ ಕೆಡುತ್ತದೆ, ಅದೇ ಖಲ್ಬ್. ನುಅಮಾನ್ ಬಿನ್ ಬಶೀರ್(ರ) ವರದಿ ಮಾಡಿದ್ದು, ಬುಖಾರಿ ಮತ್ತು ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಆದರೆ ಇದು ಒಂದು ಉದ್ದನೆಯ ಹದೀಸಿನ ಕೊನೆಯ ಭಾಗ. ಅದು ಶುರುವಾಗುವುದು ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ನಡುವೆ ಹಲವರಿಗೆ ತಿಳಿಯದ ಅನುಮಾನದ ವಿಷಯಗಳಿವೆ ಎಂದು. ಅಂದರೆ ಹೃದಯದ ಮಾತು ಬಂದಿರುವುದು ಅನುಮಾನದ ಜಾಗದಲ್ಲಿ ಹೇಗೆ ಹೆಜ್ಜೆ ಇಡಬೇಕು ಎಂಬ ಚರ್ಚೆಯ ಒಳಗೆ. ಬಾಲ ಮಾತ್ರ ಕತ್ತರಿಸಿ ತಂದರೆ ಈ ಸಂಬಂಧ ಕಾಣುವುದೇ ಇಲ್ಲ.

ಇನ್ನೊಂದು ತುದಿಯಲ್ಲಿ, "ನನ್ನ ಭೂಮಿ ಆಕಾಶಗಳು ನನ್ನನ್ನು ಹಿಡಿಸಲಾರವು, ನನ್ನ ವಿಶ್ವಾಸಿ ದಾಸನ ಹೃದಯ ಹಿಡಿಸುತ್ತದೆ" ಎಂಬ ಮಾತು ಇದೆ. ಕೇಳೋಕೆ ಬಹಳ ಚಂದ. ಹನ್ನೊಂದನೆಯ ಶತಮಾನದ ವಿದ್ವಾಂಸ ಇಮಾಮ್ ಘಝಾಲಿಯವರೂ ಎತ್ತಿ ಹೇಳಿದ್ದಾರೆ. ಆದರೆ ಘಝಾಲಿಯವರ ಗ್ರಂಥದ ಹದೀಸ್‌ಗಳನ್ನೆಲ್ಲ ಮೂಲಕ್ಕೆ ಹೋಗಿ ಪರಿಶೀಲಿಸಿದ ಹಾಫಿಝ್ ಇರಾಖಿ, ಇದಕ್ಕೆ ಮೂಲ ಸಿಗಲಿಲ್ಲ ಎಂದರು. ಇಬ್ನ್ ತೈಮಿಯಾ ಇದು ಹಿಂದಿನ ಸಮುದಾಯಗಳ ಕಥೆಗಳಿಂದ ಬಂದದ್ದು, ಪ್ರವಾದಿಯವರವರೆಗೆ(ಸ) ಹೋಗುವ ಸರಪಳಿ ಇಲ್ಲ ಎಂದರು. ಸೂಫಿ ಚಿಂತನೆಯ ಇತಿಹಾಸ ಬರೆಯುವಾಗ ಈ ಮಾತನ್ನು ಖಂಡಿತ ಬಳಸಬಹುದು, ಯಾಕೆಂದರೆ ಅದು ಆ ಇತಿಹಾಸದ ಭಾಗ. ಪ್ರವಾದಿಯವರ(ಸ) ಮಾತು ಎಂದು ಬಳಸುವಂತಿಲ್ಲ. ಇಸ್ಲಾಮಿ ಸಂಶೋಧನಾ ಕ್ರಮದ ಬೆನ್ನೆಲುಬು ಇದು. 49ನೇ ಅಧ್ಯಾಯದ 6ನೇ ಆಯತ್, ನಂಬಲಾಗದ ವ್ಯಕ್ತಿ ಸುದ್ದಿ ತಂದರೆ ಪರಿಶೀಲಿಸಿ ಎನ್ನುತ್ತದೆ. ವಾಟ್ಸಾಪಿನಲ್ಲಿ ಬಂದ ಸುಂದರ ಮಾತುಗಳಿಗೂ ಇದು ಅನ್ವಯಿಸುತ್ತದೆ, ಅಲ್ವಾ?

ಘಝಾಲಿಯವರ ಕನ್ನಡಿ, ನಿಮ್ಮ ಮೇಜಿನ ಮೇಲೆ

ಇಲ್ಲಿಂದ ಎರಡನೆಯ ಕೆಲಸ, ಅಂದರೆ ಓದುತ್ತಿರುವವರು ತಮ್ಮ ಮೇಲೆ ಕಣ್ಣಿಡುವುದು. ಕರಾವಳಿಯ ಶಾಫಿ ಪಂಥದ ದರ್ಸ್‌ಗಳಲ್ಲಿ, ಅಂದರೆ ಮಸೀದಿಯ ಪಾಠಗಳಲ್ಲಿ, ಓದಿದವರಿಗೆ ಘಝಾಲಿ (1058–1111) ಹೊಸಬರಲ್ಲ. ಅವರ ಇಹ್ಯಾ ಉಲೂಮಿದ್ದೀನ್‌ನಲ್ಲಿ 40 ಭಾಗಗಳಿವೆ, 21ನೆಯದು ಪೂರ್ತಿ ಹೃದಯದ ಬಗ್ಗೆಯೇ. ಶುರುವಿನಲ್ಲೇ ಅವರು ಎರಡು ಹೃದಯಗಳನ್ನು ಬೇರೆ ಮಾಡುತ್ತಾರೆ. ಎದೆಯ ಎಡಕ್ಕೆ ಇರುವ ಮಾಂಸದ ಹೃದಯ ಒಂದು. ಅದು ವೈದ್ಯರ ಕೆಲಸ, ಪ್ರಾಣಿಗಳಿಗೂ ಇದೆ, ಸತ್ತವನಲ್ಲೂ ಇದೆ. ಇನ್ನೊಂದು ಸೂಕ್ಷ್ಮವಾದ, ದೈವಿಕವಾದ, ಕಣ್ಣಿಗೆ ಕಾಣದ ಹೃದಯ. ತಿಳಿಯುವುದು, ಪ್ರಶ್ನೆಗೆ ಉತ್ತರಿಸಬೇಕಾದ್ದು ಅದೇ. ಎರಡಕ್ಕೂ ಸಂಬಂಧ ಇದೆ, ಆದರೆ ಆ ಸಂಬಂಧ ಹೇಗೆ ಎಂಬ ಗೋಜಿಗೆ ಇಲ್ಲಿ ಹೋಗುವುದಿಲ್ಲ ಎಂದು ಅವರೇ ಗೆರೆ ಎಳೆಯುತ್ತಾರೆ.

ಆಮೇಲೆ ಬರುತ್ತದೆ ಕನ್ನಡಿ. ಆ ಕಾಲದ ಕನ್ನಡಿ ಗಾಜಿನದ್ದಲ್ಲ, ಉಜ್ಜಿ ಹೊಳಪು ಮಾಡಿದ ಲೋಹದ್ದು, ಅದಕ್ಕೇ ತುಕ್ಕಿನ ಮಾತು ಸಹಜ. ಕನ್ನಡಿಯಲ್ಲಿ ರೂಪ ಕಾಣದೇ ಇರೋಕೆ ಅವರು ಐದು ಕಾರಣ ಕೊಡುತ್ತಾರೆ. ನಾನು ಓದಿದ ಮಟ್ಟಿಗೆ ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ತಪಾಸಣಾ ಪಟ್ಟಿ ಸಿಕ್ಕಿಲ್ಲ. ಲೋಹ ಇನ್ನೂ ಕನ್ನಡಿಯೇ ಆಗಿಲ್ಲದಿರಬಹುದು, ಅಂದರೆ ಮಗುವಿನ ಹೃದಯದಂತೆ ಬಲಿತಿಲ್ಲ. ನಮ್ಮ ಲೆಕ್ಕದಲ್ಲಿ ತಯಾರಿ ಸಾಲದು, ಅರಬಿ ಓದದೆ ಅರಬಿ ಪದದ ಮೇಲೆ ತೀರ್ಪು ಕೊಡುವುದು. ತುಕ್ಕು ಹಿಡಿದಿರಬಹುದು, ಪಾಪ ಮತ್ತು ಬಯಕೆಗಳಿಂದ. ಪಾಪ ಮಾಡಿದಾಗ ಹೃದಯದ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಪಶ್ಚಾತ್ತಾಪ ಪಟ್ಟರೆ ಹೊಳಪು ಬರುತ್ತದೆ ಎಂಬ ತಿರ್ಮಿದಿಯ ಹದೀಸ್ 83:14ರ ತುಕ್ಕನ್ನೇ ವಿವರಿಸುವಂಥದ್ದು. ಮೂರನೆಯದು, ಕನ್ನಡಿ ಬೇರೆ ಕಡೆಗೆ ತಿರುಗಿರುವುದು. ಮನುಷ್ಯ ಒಳ್ಳೆಯವನೇ, ಆದರೆ ಅವನ ಗಮನ ಡಿಗ್ರಿಯ ಕಡೆ, ಬಡ್ತಿಯ ಕಡೆ. ನಾಲ್ಕನೆಯದು, ನಡುವೆ ಪರದೆ. ಘಝಾಲಿ ಹೇಳುವ ಪರದೆ ಯಾವುದು ಗೊತ್ತಾ, ಚಿಕ್ಕಂದಿನಿಂದ ಕೇಳಿ ಕೇಳಿ ಪರೀಕ್ಷಿಸದೆ ಒಪ್ಪಿಕೊಂಡ ಅಭಿಪ್ರಾಯಗಳು. ತಮ್ಮ ತಮ್ಮ ಪಂಗಡದ ಪಕ್ಷಪಾತಕ್ಕೆ ಅಂಟಿಕೊಂಡ ವಿದ್ವಾಂಸರನ್ನೂ ಅವರು ಇದರಲ್ಲಿ ಸೇರಿಸುತ್ತಾರೆ, ಯಾರನ್ನೂ ಬಿಡುವುದಿಲ್ಲ. ಸುನ್ನಿ, ಸಲಫಿ, ತಬ್ಲೀಗ್, ಜಮಾಅತ್, ನೀವು ಯಾವ ಮನೆಯಿಂದ ಬಂದಿದ್ದರೂ ಈ ಸಾಲನ್ನು ಎರಡು ಸಲ ಓದಿ. ಐದನೆಯದು, ನೋಡಬೇಕಾದ ವಸ್ತು ಯಾವ ದಿಕ್ಕಿನಲ್ಲಿದೆ ಎಂದೇ ಗೊತ್ತಿಲ್ಲದಿರುವುದು. ಗೊತ್ತಿರುವ ವಿಷಯಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಗೊತ್ತಿಲ್ಲದ್ದಕ್ಕೆ ಹೋಗಬೇಕು ಎನ್ನುತ್ತಾರೆ ಅವರು. ಅಂದರೆ ಕ್ರಮ, ವಿಧಾನ, ಮೆಥಡಾಲಜಿ! ಹೃದಯ ಶುದ್ಧ ಇದ್ದರೆ ಸಾಕು, ಮೆಥಡ್ ಯಾಕೆ ಎನ್ನುವವರಿಗೆ ಘಝಾಲಿಯವರೇ ಉತ್ತರ ಕೊಟ್ಟಿದ್ದಾರೆ.

ಇದನ್ನು ದಿನನಿತ್ಯದ ಕೆಲಸಕ್ಕೆ ಹೇಗೆ ಇಳಿಸೋದು? ಒಂದು ಬೇರೆ ನೋಟ್‌ಬುಕ್ ಇಡಿ. ಮೊದಲ ಪುಟದಲ್ಲಿ ನಿಯ್ಯತ್ ಬರೆಯಿರಿ, ಈ ಕೆಲಸ ಯಾಕೆ ಮಾಡುತ್ತಿದ್ದೇನೆ ಎಂದು. ಡಿಗ್ರಿಗಾಗಿ ಎಂದಿದ್ದರೆ ಹಾಗೇ ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ. ಬುಖಾರಿ ಸಂಗ್ರಹದ ಮೊದಲ ಹದೀಸೇ ಕರ್ಮಗಳು ಉದ್ದೇಶದ ಮೇಲೆ ನಿಂತಿವೆ ಎಂಬುದು. ಘಝಾಲಿ 1095ರಲ್ಲಿ ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ದೊಡ್ಡ ಹುದ್ದೆ ಬಿಟ್ಟು ಹೊರಟದ್ದು ಇದೇ ಲೆಕ್ಕ ಹಾಕಿಕೊಂಡು. ತನ್ನ ಪಾಠದ ಹಿಂದಿನ ಉದ್ದೇಶ ದೇವರಿಗಾಗಿ ಅಲ್ಲ, ಹೆಸರಿಗಾಗಿ ಎಂದು ತಿಳಿಯಿತು ಅಂತ ಅವರೇ ಬರೆದಿದ್ದಾರೆ. ನೀವು ಕೆಲಸ ಬಿಡಬೇಡಿ, ಲೆಕ್ಕ ಮಾತ್ರ ಹಾಕಿ. ಎರಡನೆಯ ಪುಟದಲ್ಲಿ, ಸಂಶೋಧನೆ ಶುರುವಾಗುವ ಮೊದಲೇ, ಉತ್ತರ ಏನು ಬರಬೇಕು ಅಂತ ನಿಮ್ಮ ಮನಸ್ಸಿಗೆ ಆಸೆ ಇದೆ ಎಂದು ಬರೆಯಿರಿ. ಆಮೇಲೆ ವಾರಕ್ಕೊಮ್ಮೆ, ಆ ಆಸೆಗೆ ವಿರುದ್ಧವಾಗಿ ಸಿಕ್ಕ ಆಯತ್ ಅಥವಾ ಅಭಿಪ್ರಾಯಗಳನ್ನು ಅದರ ಕೆಳಗೆ ಸೇರಿಸುತ್ತಾ ಹೋಗಿ. ಒಂದೂ ಸಿಗಲಿಲ್ಲ ಅಂದರೆ ನೀವು ಸರಿಯಾಗಿ ಹುಡುಕಿಲ್ಲ ಅಂತಲೇ ಅರ್ಥ. ಮುಹಾಸಬಾ ಎಂದು ಸೂಫಿಗಳು ಹೇಳುವ ಆತ್ಮಪರಿಶೀಲನೆ ಇದೇ. ಸಮಾಜಶಾಸ್ತ್ರ ವಿಭಾಗದ ಗೈಡ್ ಇದನ್ನೇ ರಿಫ್ಲೆಕ್ಸಿವಿಟಿ ಎನ್ನುತ್ತಾರೆ. ದೃಗ್ವಿಜ್ಞಾನದ ಇಬ್ನುಲ್ ಹೈಥಮ್ ಹನ್ನೊಂದನೆಯ ಶತಮಾನದಲ್ಲೇ ಟಾಲೆಮಿಯ ಮೇಲೆ ಬರೆಯುತ್ತಾ, ಸತ್ಯ ಹುಡುಕುವವನು ಹಿಂದಿನವರನ್ನು ನಂಬಿ ಕೂರಬಾರದು, ಅವರನ್ನು ಎಲ್ಲ ಕಡೆಯಿಂದ ಪರೀಕ್ಷಿಸಬೇಕು, ಪರೀಕ್ಷಿಸುವಾಗ ತನ್ನನ್ನೂ ಅನುಮಾನಿಸಬೇಕು ಎಂದಿದ್ದರು.

ಒಂದು ಗಡಿಯನ್ನು ಮಾತ್ರ ದಾಟಬೇಡಿ. "ನಿನ್ನ ಹೃದಯವನ್ನು ಕೇಳು" ಎಂದು ಪ್ರವಾದಿಯವರು(ಸ) ವಾಬಿಸಾ(ರ) ಅವರಿಗೆ ಹೇಳಿದ ಹದೀಸ್ ಮುಸ್ನದ್ ಅಹ್ಮದ್‌ನಲ್ಲಿದೆ. ಅದು ಪುಣ್ಯ ಯಾವುದು, ಪಾಪ ಯಾವುದು ಎಂದು ಒಬ್ಬ ಮನುಷ್ಯ ತನ್ನ ನಡತೆಯ ಬಗ್ಗೆ ಕೇಳಿದಾಗ ಬಂದ ಉತ್ತರ. ಪ್ರಬಂಧದಲ್ಲಿ "ನನ್ನ ಹೃದಯಕ್ಕೆ ಹೀಗೆ ಅನ್ನಿಸಿತು" ಎಂಬುದು ಪುರಾವೆ ಆಗುವುದಿಲ್ಲ. ಹೃದಯ ನಿಮಗೆ ಪ್ರಶ್ನೆ ಕೊಡಬಹುದು, ಎಡವಿದಾಗ ಚುಚ್ಚಬಹುದು, ಆದರೆ ಪರೀಕ್ಷಕರ ಮುಂದೆ ಇಡಬೇಕಾದ್ದು ಆಯತ್, ಸರಪಳಿ, ತರ್ಕ. 17:36 ಕೂಡ ಇದನ್ನೇ ಹೇಳುತ್ತದೆ. ತಿಳಿಯದ್ದರ ಹಿಂದೆ ಹೋಗಬೇಡ, ಕಿವಿ, ಕಣ್ಣು, ಫುಆದ್ ಪ್ರತಿಯೊಂದನ್ನೂ ಪ್ರಶ್ನಿಸಲಾಗುವುದು. ಫುಆದ್ ಇಲ್ಲಿ ನ್ಯಾಯಾಧೀಶನ ಕುರ್ಚಿಯಲ್ಲಿಲ್ಲ, ಕಟಕಟೆಯಲ್ಲಿದೆ.

ನರಕೋಶಗಳ ಮಾತು

ಈ ವಿಷಯ ಅಂದ ಕೂಡಲೇ ಯಾರಾದರೊಬ್ಬರು ಒಂದು ವಿಡಿಯೋ ಕಳಿಸುತ್ತಾರೆ. ಹೃದಯದಲ್ಲೂ ಸಾವಿರಾರು ನರಕೋಶಗಳಿವೆ, ಹೃದಯ ಯೋಚಿಸುತ್ತದೆ ಎಂದು ಕುರ್‌ಆನ್ 1400 ವರ್ಷ ಹಿಂದೆಯೇ ಹೇಳಿದ್ದು ಈಗ ಸಾಬೀತಾಯಿತು ಎಂದು. ಹೃದಯದ ಗೋಡೆಯಲ್ಲಿ ನರಕೋಶಗಳ ಗುಂಪುಗಳಿರುವುದು ನಿಜ. ಅವು ಬಡಿತದ ವೇಗ, ಲಯ ನೋಡಿಕೊಳ್ಳುತ್ತವೆ. ಅವು ಆಯತ್ ಅರ್ಥ ಮಾಡಿಕೊಳ್ಳುತ್ತವೆ ಎಂದು ಯಾವ ಪ್ರಯೋಗವೂ ತೋರಿಸಿಲ್ಲ. 1967ರಲ್ಲಿ ಕೇಪ್‌ಟೌನಿನಲ್ಲಿ ಮೊದಲ ಹೃದಯ ಕಸಿ ಆಯಿತು. ಅಂದಿನಿಂದ ಸಾವಿರಾರು ಜನ ಬೇರೆಯವರ ಹೃದಯ ಇಟ್ಟುಕೊಂಡು ಬದುಕಿದ್ದಾರೆ, ಯಾರ ಈಮಾನೂ ದಾನಿಯ ಜೊತೆ ಬದಲಾಯಿತು ಎಂದು ಸಾಬೀತಾಗಿಲ್ಲ. ಘಝಾಲಿಯವರ ಎರಡು ಹೃದಯಗಳ ವಿಂಗಡಣೆ ಓದಿದವರಿಗೆ ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಆಯತನ್ನು ವಿಜ್ಞಾನದ ಸುದ್ದಿಗೆ ಕಟ್ಟಿಹಾಕಿದರೆ ನಾಳೆ ಆ ಸುದ್ದಿ ಬದಲಾದಾಗ ಆಯತನ್ನು ಎಲ್ಲಿ ಇಡುತ್ತೀರಿ? ನರಕೋಶಗಳ ಅಧ್ಯಾಯವನ್ನೇ ಪ್ರಬಂಧದಿಂದ ಕೈಬಿಡಿ ಎನ್ನುವುದು ನನ್ನ ಸಲಹೆ.

ಜನರ ಹತ್ತಿರ ಹೋಗುವುದಾದರೆ

ಬರೀ ಪುಸ್ತಕ ಬೇಡ, ಸಂದರ್ಶನವೂ ಮಾಡುತ್ತೇನೆ ಎನ್ನುವವರಿಗೆ ದಾರಿ ಇದೆ. 2018ರಲ್ಲಿ ಅಬ್ದಲ್ಲಾ ರೋಥ್‌ಮನ್ ಮತ್ತು ಏಡ್ರಿಯನ್ ಕಾಯ್ಲ್ ಇಸ್ಲಾಮಿ ಮನಶ್ಶಾಸ್ತ್ರ ಬಲ್ಲ 18 ವಿದ್ವಾಂಸರ ಸಂದರ್ಶನ ಮಾಡಿ, ಆ ಮಾತುಗಳಿಂದಲೇ ನಫ್ಸ್ (ಒಳಗಿನ 'ನಾನು'), ಅಕ್ಲ್, ಖಲ್ಬ್, ರೂಹ್ (ಆತ್ಮ) ಸೇರಿದ ಒಂದು ಮಾದರಿ ಕಟ್ಟಿದರು. ಸುಡಾನಿನ ಮಾಲಿಕ್ ಬದ್ರಿ 1970ರ ದಶಕದಲ್ಲೇ, ಪಾಶ್ಚಾತ್ಯ ಮನಶ್ಶಾಸ್ತ್ರವನ್ನು ಹಾಗೇ ನುಂಗಬೇಡಿ ಎಂದು ಮುಸ್ಲಿಂ ಮನಶ್ಶಾಸ್ತ್ರಜ್ಞರಿಗೆ ಹೇಳಿದ್ದರ ಮುಂದಿನ ಕಥೆ ಇದು. ನಮ್ಮಲ್ಲಿ ಇಂಥ ಕೆಲಸಕ್ಕೆ ಜಾಗ ಬೇಕಾದಷ್ಟಿದೆ. ಕಲಬುರಗಿಯಲ್ಲಿ ಖ್ವಾಜಾ ಬಂದೇನವಾಜ್ (1321–1422) ಅವರ ಚಿಶ್ತಿ ಸೂಫಿ ಪರಂಪರೆ ಇದೆ, ಕರಾವಳಿಯಲ್ಲಿ ದರ್ಸ್‌ಗಳಿವೆ. ಎರಡೂ ಕಡೆಯವರನ್ನು 2:74ರ ಕಲ್ಲಿನ ಬಗ್ಗೆ ಕೇಳಿ ನೋಡಿ. ಹೃದಯಗಳು ಕಲ್ಲಿಗಿಂತ ಗಟ್ಟಿಯಾದವು, ಕಲ್ಲಿನಿಂದಾದರೂ ನದಿ ಹರಿಯುತ್ತದೆ, ಕಲ್ಲು ಸೀಳಿ ನೀರು ಬರುತ್ತದೆ, ಕೆಲವು ದೇವಭಯದಿಂದ ಉರುಳಿ ಬೀಳುತ್ತವೆ ಎನ್ನುತ್ತದೆ ಆ ಆಯತ್. ಉತ್ತರಗಳನ್ನು ಅವರ ಮಾತಿನಲ್ಲೇ, ದಖನಿ ಇದ್ದರೆ ದಖನಿ, ಬ್ಯಾರಿ ಇದ್ದರೆ ಬ್ಯಾರಿಯಲ್ಲೇ ಬರೆದುಕೊಳ್ಳಿ. ಅನುಮತಿ ಕೇಳದೆ ರೆಕಾರ್ಡ್ ಮಾಡಬೇಡಿ. ಯಾರಾದರೂ ತಮ್ಮ ಪಾಪದ ಬಗ್ಗೆ, ಪಶ್ಚಾತ್ತಾಪದ ಬಗ್ಗೆ ಹೇಳಿಕೊಂಡರೆ ಅದು ಅಮಾನತ್, ನಂಬಿ ಒಪ್ಪಿಸಿದ್ದು. ಹೆಸರು, ಊರು ಗುರುತು ಸಿಗದಂತೆ ಬರೆಯಿರಿ, ಅಥವಾ ಬರೆಯಲೇಬೇಡಿ.

ಕರಡು ಮುಗಿದ ಮೇಲೆ ಇಬ್ಬರಿಗೆ ಕೊಡಿ. ಒಬ್ಬರು ಅರಬಿ ಬಲ್ಲ ಉಸ್ತಾದರು, ಅವರಿಗೆ ಆಯತ್ ಸಂಖ್ಯೆಗಳನ್ನೂ ಹದೀಸ್ ಮೂಲಗಳನ್ನೂ ಮಾತ್ರ ನೋಡಲು ಹೇಳಿ. ಇನ್ನೊಬ್ಬರು ನಿಮ್ಮ ಪಂಗಡದವರಲ್ಲದ, ಸಾಧ್ಯವಾದರೆ ಮುಸ್ಲಿಮರೇ ಅಲ್ಲದ ಓದುಗರು. ಎಲ್ಲಿ ಪುರಾವೆ ಇಲ್ಲದೆ ಜಾರಿದ್ದೀರೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಅವರಿಗೆ ಹೇಳಿ. ಇನ್ನೂ ವಿಷಯ ಸಿಕ್ಕಿಲ್ಲ ಅನ್ನುವವರಿಗೆ ಒಂದು ಕೊಟ್ಟುಬಿಡುತ್ತೇನೆ. ಹೃದಯದಲ್ಲಿ ರೋಗ ಇರುವವರ ಮಾತು 74:31ರಲ್ಲೂ ಬರುತ್ತದೆ. ಆ ಅಧ್ಯಾಯ ಮಕ್ಕಾದ ಕಾಲದ್ದು, ಆಗ ಮದೀನಾದ ಮುನಾಫಿಕರು ಇನ್ನೂ ಇರಲೇ ಇಲ್ಲ. ಹಾಗಾದರೆ ಅವರು ಯಾರು? ತಬರಿ, ರಾಝಿ, ಖುರ್ತುಬಿ ಮೂವರ ತಫ್ಸೀರ್‌ಗಳನ್ನೂ ಮುಂದಿಟ್ಟುಕೊಂಡು ಅಲ್ಲಿಂದ ಶುರು ಮಾಡಿ.